ಹಿಸ್ಟರಿಯಿಂದ ಅಡ್ರೆಸ್ ಕಾಪಿ ಮಾಡಬೇಡಿ

ಕ್ರಿಪ್ಟೋ ವಾಲೆಟ್ (ಡಿಜಿಟಲ್ ನಾಣ್ಯ ಕಳಿಸಲು, ಪಡೆಯಲು ಇರುವ ಆ್ಯಪ್) ಬಳಸುವವರ ದೂರು ಕೇಳುವುದು ನನ್ನ ಕೆಲಸ. "ವಾಲೆಟ್ ಹ್ಯಾಕ್ ಆಗಿದೆ" ಅಂತ ಗಾಬರಿಯಿಂದ ಬರುವ ಎಷ್ಟೋ ಜನರ ವಾಲೆಟ್ ಹ್ಯಾಕ್ ಆಗಿರುವುದೇ ಇಲ್ಲ. ಕಳ್ಳನಿಗೆ ಅವರೇ ಕೈಯಾರೆ ಹಣ ಕಳಿಸಿರುತ್ತಾರೆ.

ಈಥೀರಿಯಮ್ ಅನ್ನೋ ಕ್ರಿಪ್ಟೋ ಜಾಲದಲ್ಲಿ ಹಣ ಕಳಿಸುವ ಅಡ್ರೆಸ್ ಅಂದ್ರೆ 42 ಅಕ್ಷರ. ಅಷ್ಟುದ್ದ ಯಾಕೆ ಅಂತ ಆ್ಯಪ್‌ಗಳು ಶುರುವಿನ ಒಂದಿಷ್ಟು, ಕೊನೆಯ ಒಂದಿಷ್ಟು ತೋರಿಸಿ ನಡುವೆ ಚುಕ್ಕಿ ಇಡುತ್ತವೆ. ನಾವೂ ಅಷ್ಟೇ ನೋಡ್ತೀವಿ, ಅಲ್ವಾ? ಇನ್ನು, ಯಾವ ಅಡ್ರೆಸ್‌ನಿಂದ ಯಾವುದಕ್ಕೆ ಎಷ್ಟು ಹೋಯಿತು ಅನ್ನುವುದು ಬ್ಲಾಕ್‌ಚೈನ್‌ನಲ್ಲಿ, ಅಂದ್ರೆ ವಹಿವಾಟುಗಳ ಬಹಿರಂಗ ಲೆಕ್ಕದ ಪುಸ್ತಕದಲ್ಲಿ, ಎಲ್ಲರಿಗೂ ಕಾಣುತ್ತದೆ. ನೀವು ಯಾರಿಗೆ ಪದೇ ಪದೇ ಕಳಿಸುತ್ತೀರಿ ಅಂತ ಕಳ್ಳ ನೋಡಿಕೊಳ್ಳುತ್ತಾನೆ. ಅದೇ ತಲೆ, ಅದೇ ಬಾಲದ ಇನ್ನೊಂದು ಅಡ್ರೆಸ್ ಸಿಗುವವರೆಗೂ ಕಂಪ್ಯೂಟರ್ ಓಡಿಸುತ್ತಾನೆ. ಸಿಕ್ಕ ಮೇಲೆ ಅದರಿಂದ ನಿಮಗೆ ಪುಡಿಗಾಸು ಹಾಕುತ್ತಾನೆ. ಅಷ್ಟೇ, ಆ ಅಡ್ರೆಸ್ ನಿಮ್ಮ ವಾಲೆಟ್‌ನ ಹಿಸ್ಟರಿಯಲ್ಲಿ, ಅಂದ್ರೆ ಹಿಂದಿನ ವಹಿವಾಟುಗಳ ಪಟ್ಟಿಯಲ್ಲಿ, ಬಂದು ಕೂರುತ್ತದೆ. ಮುಂದಿನ ಸಲ ಅಲ್ಲಿಂದ ಅದನ್ನೇ ಕಾಪಿ ಮಾಡಿದರೆ ಹಣ ಕಳ್ಳನಿಗೆ.

ಹೀಗೆ ಹಣ ಕಳೆದುಕೊಂಡ ಒಬ್ಬರು ಫೋನಿನಲ್ಲಿ ಎರಡೂ ಅಡ್ರೆಸ್ ಓದಿದರು. ಶುರುವಿನ ಐದು ಅಕ್ಷರ ಒಂದೇ, ಕೊನೆಯ ನಾಲ್ಕೂ ಒಂದೇ. "ಎರಡೂ ಒಂದೇ ಅಲ್ವಾ ಸರ್?" ಅಂದರು. ನಡುವಿನದನ್ನು ಓದಿ ಅಂದೆ. ಓದುತ್ತಾ ಓದುತ್ತಾ ಸುಮ್ಮನಾಗಿಬಿಟ್ಟರು.

ಮೊದಲು ಚೂರು ಕಳಿಸಿ ನೋಡಿದರೆ ಸಾಕು ಅಂತ ಜಾಸ್ತಿ ಜನ ನಂಬಿದ್ದಾರೆ. ಆ ಚೂರು ಕಳಿಸಿದ್ದೂ ಕಳ್ಳನಿಗೆ ಕಾಣುತ್ತದೆ, ಅದಾದ ಮೇಲೂ ಅವನು ನಕಲಿ ಅಡ್ರೆಸ್ ತಂದು ಕೂರಿಸಬಹುದು. 2024ರ ಮೇ ತಿಂಗಳಲ್ಲಿ ಒಬ್ಬರು ಹಾಗೆ ಪರೀಕ್ಷೆ ಮಾಡಿಯೇ, ಆಮೇಲೆ ಸುಮಾರು 6.8 ಕೋಟಿ ಡಾಲರ್ ಬೆಲೆಯ ಟೋಕನ್‌ಗಳನ್ನು ನಕಲಿ ಅಡ್ರೆಸ್‌ಗೆ ಕಳಿಸಿದರು. ಮಾತುಕತೆ ನಡೆದು ಅದರಲ್ಲಿ ಬಹುಪಾಲು ವಾಪಸ್ ಬಂತು. ಎಲ್ಲರಿಗೂ ಹಾಗೆ ಆಗುವುದಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಪದೇ ಪದೇ ಕಳಿಸುವ ಅಡ್ರೆಸ್‌ಗಳನ್ನು ಒಮ್ಮೆ ಪೂರ್ತಿ ಓದಿ, ಹೆಸರು ಕೊಟ್ಟು ವಾಲೆಟ್‌ನ ಅಡ್ರೆಸ್ ಬುಕ್‌ನಲ್ಲಿ ಸೇವ್ ಮಾಡಿ. ಮುಂದೆ ಅಲ್ಲಿಂದಲೇ ಆರಿಸಿ. ಹಾರ್ಡ್‌ವೇರ್ ವಾಲೆಟ್ (ವಾಲೆಟ್‌ನ ಕೀಲಿ ಇಡುವ ಬೇರೆ ಸಾಧನ) ಇದ್ದರೆ ಅದರ ಪರದೆಯಲ್ಲಿ ನಡುವಿನ ಅಕ್ಷರಗಳನ್ನೂ ನೋಡಿ. ಯಾಕಂದ್ರೆ ಕಂಪ್ಯೂಟರ್‌ಗೆ ವೈರಸ್ ಹೊಕ್ಕಿದ್ದರೆ ನೀವು ಕಾಪಿ ಮಾಡಿದ್ದೇ ಒಂದು, ಪೇಸ್ಟ್ ಆಗುವುದೇ ಇನ್ನೊಂದು. ಸೀಡ್ ಫ್ರೇಸ್‌ನ, ಅಂದ್ರೆ ವಾಲೆಟ್ ತೆರೆಯುವ ಗುಟ್ಟಿನ 12 ಅಥವಾ 24 ಪದಗಳ ಬಗ್ಗೆ ಗೊತ್ತೇ ಇರುತ್ತದೆ. ಸಪೋರ್ಟ್‌ನವರು ಅಂತ ಹೇಳಿಕೊಂಡು ಯಾರು ಕೇಳಿದರೂ, ನಾನೇ ಕೇಳಿದರೂ ಕೊಡಬೇಡಿ.

ಉಳಿತಾಯದ ವಾಲೆಟ್ ಬೇರೆ ಇರಲಿ. ನಾಲ್ಕು ಜನರಿಗೆ ಕೊಟ್ಟ ಅಡ್ರೆಸ್‌ನಿಂದ ಅದಕ್ಕೆ ನೇರವಾಗಿ ಹಣ ಹಾಕಿದರೆ ಮಾತ್ರ ಬೇರೆ ಇಟ್ಟೂ ಪ್ರಯೋಜನವಿಲ್ಲ. ಎರಡೂ ಒಬ್ಬರದೇ ಅಂತ ಊಹಿಸೋಕೆ ಬ್ಲಾಕ್‌ಚೈನ್‌ನ ಆ ಒಂದು ಸಾಲು ಸಾಕು.