ಕಾರ್ಡ್ ಅರ್ಜಿಗೆ ಮುಂಚೆ ಸಿಬಿಲ್ ವರದಿಯಲ್ಲಿ ನೋಡಬೇಕಾದ್ದು

ಬೆಳಗಾವಿಯಲ್ಲಿ ಕ್ರೆಡಿಟ್ ಕಾರ್ಡ್ ಅರ್ಜಿ ಪರಿಶೀಲಿಸುವ ನಮ್ಮ ಟೇಬಲ್ಲಿಗೆ ಪದೇ ಪದೇ ಬರುವ ಮಾತು: "ಪಗಾರ ಚಲೋ ಐತ್ರಿ, ಆದ್ರೂ ಯಾಕ ರಿಜೆಕ್ಟ್ ಆತು?" ಕಾರಣ ಹೆಚ್ಚಾಗಿ ಸಿಗುವುದು ಸಿಬಿಲ್ ವರದಿಯ, ಅಂದರೆ ನೀವು ಸಾಲ ಪಡೆದು ತೀರಿಸಿದ ಬಗ್ಗೆ ಸಿಬಿಲ್ ಎಂಬ ಕಂಪನಿ ಇಡುವ ದಾಖಲೆಯ, ಒಳಪುಟಗಳಲ್ಲಿ. ಅದರಲ್ಲಿ ಕೊಡುವ ಅಂಕ 300ರಿಂದ 900ರವರೆಗೆ ಇರುತ್ತದೆ. 750 ದಾಟಿದವರಿಗೆ ಸಾಮಾನ್ಯವಾಗಿ ಕೆಲಸ ಸಲೀಸು. ಆದರೆ ಅಂಕ ಚೆನ್ನಾಗಿದ್ದೂ ಒಂದು ಹಳೇ ಖಾತೆಯಿಂದ ಅರ್ಜಿ ನಿಲ್ಲಬಹುದು.

ಮೊದಲು ಜಾಮೀನು ನೋಡಿಕೊಳ್ಳಿ. ತಮ್ಮನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದರೆ ಆ ಸಾಲ ನಿಮ್ಮ ವರದಿಯಲ್ಲೂ ಕಾಣಿಸುತ್ತದೆ. ಕಬ್ಬಿನ ಬಿಲ್ ತಡವಾಗಿ ಅವನು ಕಂತು ತಪ್ಪಿಸಿದರೆ, ಎಷ್ಟು ದಿನ ತಡವಾಯಿತೆಂಬ ಲೆಕ್ಕ ತಿಂಗಳುವಾರು ನಿಮ್ಮ ಹೆಸರಿನ ಕೆಳಗೂ ಕೂರುತ್ತದೆ. ಬ್ಯಾಂಕಿನ ಬೆಳೆಸಾಲವೂ ಹೀಗೆಯೇ ದಾಖಲಾಗುತ್ತದೆ. 3 ಲಕ್ಷದವರೆಗಿನ ಕಿಸಾನ್ ಕಾರ್ಡ್ ಸಾಲದ ದಿನಾಂಕ ಮೀರಿದರೆ ಸಿಗಬೇಕಿದ್ದ 3 ಪರ್ಸೆಂಟ್ ಬಡ್ಡಿ ರಿಯಾಯಿತಿಯೂ ಹೋಗುತ್ತದೆ.

ಎಲ್ಲಕ್ಕಿಂತ ದುಬಾರಿ ತಪ್ಪು ಸೆಟಲ್‌ಮೆಂಟ್. 80,000 ಬಾಕಿಯಿದ್ದಾಗ ವಸೂಲಿಯವರು "50,000 ಕಟ್ಟಿ, ಮುಗಿಸೋಣ" ಅಂದರೆ ಮನಸ್ಸು ಹಗುರಾಗುವುದು ಸಹಜ. ಆದರೆ ಖಾತೆಯ ಮುಂದೆ 'ಕ್ಲೋಸ್ಡ್' ಬದಲು 'ಸೆಟಲ್ಡ್' ಎಂದು ಬೀಳುತ್ತದೆ. ಅಂದರೆ ಪೂರ್ತಿ ಸಾಲ ತೀರಿಸಲಿಲ್ಲ ಎಂದು ಓದಿಕೊಳ್ಳುವವರೇ ಎಲ್ಲ ಬ್ಯಾಂಕಿನವರು. ಆಗಲೇ ಹಾಗಾಗಿದ್ದರೆ ಉಳಿದ 30,000 ಕಟ್ಟುತ್ತೇವೆಂದು ಆ ಬ್ಯಾಂಕಿಗೆ ಬರೆದು ಕೊಡಿ. ಕಟ್ಟಿದ ಮೇಲೆ ಬಾಕಿ ಇಲ್ಲದ ಪತ್ರ ಪಡೆದು, ದಾಖಲೆ ಬದಲಿಸಿ ಸಿಬಿಲ್‌ಗೆ ಕಳಿಸುವಂತೆ ಕೇಳಿ. ಆ ಪತ್ರ ಕೈಗೆ ಬರುವವರೆಗೆ ಬಿಡಬೇಡಿ.

ಇರುವ ಕಾರ್ಡನ್ನು ಎಷ್ಟು ಬಳಸುತ್ತೀರೆಂಬುದೂ ಲೆಕ್ಕಕ್ಕೆ ಬರುತ್ತದೆ. 50,000 ಮಿತಿಯಲ್ಲಿ 42,000 ಬಳಸಿದರೆ ಅದು 84 ಪರ್ಸೆಂಟ್, ಗಡುವಿನೊಳಗೆ ಪೂರ್ತಿ ಕಟ್ಟುವವರಿಗೂ ಅಂಕ ಕುಗ್ಗಬಹುದು. ಬಿಲ್ ತಯಾರಾಗುವ ಮುಂಚೆಯೇ 30,000 ಕಟ್ಟಿದರೆ ಉಳಿಯುವುದು 24 ಪರ್ಸೆಂಟ್. 30ರ ಒಳಗಿಟ್ಟುಕೊಳ್ಳುವುದು ಒಳ್ಳೆಯದು. 2025ರ ಜನವರಿಯಿಂದ ಬ್ಯಾಂಕುಗಳು 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕಾದ್ದರಿಂದ ಸುಧಾರಣೆ ಮೊದಲಿಗಿಂತ ಬೇಗ ಕಾಣುತ್ತದೆ.

ಒಂದೇ ವಾರದಲ್ಲಿ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಗೂ ಬ್ಯಾಂಕು ವರದಿ ತರಿಸಿದ ಗುರುತು ಉಳಿಯುತ್ತದೆ. ತಿರಸ್ಕಾರವಾದದ್ದು ಅಲ್ಲಿ ಬರೆದಿರುವುದಿಲ್ಲ, ಆದರೆ ಸಾಲು ಸಾಲು ವಿಚಾರಣೆ ಕಂಡರೆ ಈ ಮನುಷ್ಯನಿಗೆ ದುಡ್ಡಿನ ಅಡಚಣೆಯಿದೆ ಅನಿಸುತ್ತದೆ. ಮೇಳದ ಸ್ಟಾಲುಗಳಲ್ಲಿ ಏಜೆಂಟರಿಗೆ ಪ್ಯಾನ್ ನಂಬರ್ ಮತ್ತು ಓಟಿಪಿ ಕೊಡುವ ಮುಂಚೆ ಎಷ್ಟು ಬ್ಯಾಂಕಿಗೆ ಹಾಕುತ್ತಾರೆಂದು ಕೇಳಿ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಎಂಬ, ಸಾಲದ ದಾಖಲೆ ಇಡುವ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು.

ಪಾಟೀಲ, ಕುಲಕರ್ಣಿ, ಮುಲ್ಲಾ ಎಂದು ಒಂದೇ ಅಡ್ಡಹೆಸರಿನವರು ಓಣಿಗೆ ಹತ್ತು ಜನರಿರುವ ಊರುಗಳಲ್ಲಿ ಬೇರೆಯವರ ಸಾಲ ನಿಮ್ಮ ವರದಿಗೆ ಸೇರುವ ಸಾಧ್ಯತೆ ಇದ್ದೇ ಇದೆ. ಪ್ಯಾನ್, ಹುಟ್ಟಿದ ದಿನಾಂಕ, ಪ್ರತಿ ಖಾತೆಯ ಬ್ಯಾಂಕಿನ ಹೆಸರು ತಾಳೆ ನೋಡಿ. ತಪ್ಪಿದ್ದರೆ ಅದೇ ಕಂಪನಿಯ ವೆಬ್‌ಸೈಟಿನಲ್ಲಿ ತಕರಾರು ಹಾಕಿ, ಸಾಲ ಕೊಟ್ಟ ಬ್ಯಾಂಕಿಗೂ ಬರೆಯಿರಿ. ಬ್ಯಾಂಕು ಒಪ್ಪದೆ ದಾಖಲೆ ಬದಲಾಗುವುದಿಲ್ಲ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳುವ ಹಕ್ಕು ನಿಮಗಿದೆ.

ಎಂದೂ ಸಾಲವನ್ನೇ ಮಾಡದವರಿಗೆ ಅಂಕವೇ ಇರುವುದಿಲ್ಲ. ಅಂಥವರು ಸಣ್ಣ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯಲಿ. ತಿಂಗಳಿಗೊಮ್ಮೆ ಪೆಟ್ರೋಲ್ ಖರ್ಚಿನಷ್ಟು ಬಳಸಿ, ಪೂರ್ತಿ ಬಿಲ್ ಕಟ್ಟುತ್ತಾ ಆರೇಳು ತಿಂಗಳು ನಡೆಸಿ, ಆಮೇಲೆ ಸಾಮಾನ್ಯ ಕಾರ್ಡಿಗೆ ಅರ್ಜಿ ಹಾಕಲಿ.