ಇಪ್ಪತ್ತೈದನ್ನು 205 ಎಂದು ಬರೆಯುವ ಮಕ್ಕಳು

ಒಂದನೇ ತರಗತಿಯ ಮಗು ಒಂದರಿಂದ ನೂರರವರೆಗೆ ಗಡಗಡನೆ ಹೇಳುತ್ತದೆ, ನೋಟ್‌ಬುಕ್ಕಿನಲ್ಲಿ ಸಾಲಾಗಿ ಬರೆದೂ ತೋರಿಸುತ್ತದೆ. ನಡುವೆ ತಡೆದು ‘ಇಪ್ಪತ್ತೈದು ಬರಿ’ ಅಂದರೆ 205 ಎಂದು ಬರೆಯುತ್ತದೆ. ಸಾಲಾಗಿ ಬರೆಯುವಾಗ ಅದರ ಕೈಯನ್ನು ಗಮನಿಸಿ: ಎಷ್ಟೋ ಮಕ್ಕಳು ಮೊದಲು ಮೇಲಿಂದ ಕೆಳಕ್ಕೆ 2, 2, 2 ಎಂದು ಗೀಚಿಕೊಂಡು, ಆಮೇಲೆ ಪಕ್ಕದಲ್ಲಿ 1, 2, 3 ತುಂಬಿಸುತ್ತಾರೆ. ಅಲ್ಲಿ ಇಪ್ಪತ್ತೈದರ ಕೆಲಸವೇ ಇಲ್ಲ.

205ರಲ್ಲಿ ತರ್ಕವಿದೆ. ಇಪ್ಪತ್ತು ಕಿವಿಗೆ ಬಿತ್ತು, 20 ಬರೆಯಿತು. ಐದು ಬಿತ್ತು, 5 ಬರೆಯಿತು. ‘ಹತ್ತು ಸಲ ಬರಿ’ ಎಂಬ ಶಿಕ್ಷೆಯಿಂದ ಇದು ಹೋಗದು. ಹತ್ತು ಬಿಡಿಗಳು ಸೇರಿ ಒಂದು ಕಟ್ಟಾಗುತ್ತದೆ, 25ರಲ್ಲಿರುವ 2 ಆ ಕಟ್ಟುಗಳ ಲೆಕ್ಕ ಎಂಬುದು ಇನ್ನೂ ಕೂತಿಲ್ಲ, ಅಷ್ಟೇ.

ಕಟ್ಟಿಗೆ ಹೋಗುವ ಮೊದಲು ಒಂದು ಪರೀಕ್ಷೆ. ಎಂಟು ಹುಣಸೆ ಬೀಜ ಕೊಟ್ಟು ಎಣಿಸಲು ಹೇಳಿ. ಮುಗಿದ ಕೂಡಲೇ ‘ಒಟ್ಟು ಎಷ್ಟು?’ ಎಂದು ಕೇಳಿ. ಮಗು ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಅದಕ್ಕೆ ತಿಳಿದಿಲ್ಲ. ಬೀಜಗಳನ್ನು ದೂರ ದೂರ ಹರಡಿ ಮತ್ತೆ ಕೇಳಿ. ‘ಜಾಸ್ತಿ ಆಯ್ತು’ ಅಂದರೂ ಅದೇ ಕಥೆ. ಅಂಥ ಮಗುವಿನ ಜೊತೆ ಹತ್ತರೊಳಗೇ ಇನ್ನಷ್ಟು ದಿನ ಇರಿ. ಚೌಕಾಬಾರಕ್ಕೆ ಮಾಡುವ ಹಾಗೆ ಐದು ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಎಸೆದಾಗ ಬಿಳಿ ಮೂರು ಬಿದ್ದರೆ ಕಪ್ಪು ಎರಡು, ಬಿಳಿ ನಾಲ್ಕು ಬಿದ್ದರೆ ಕಪ್ಪು ಒಂದು. ಐದನ್ನು ಒಡೆಯುವ ಎಲ್ಲ ಬಗೆಯೂ ಆಟದಲ್ಲೇ ಬರುತ್ತದೆ. (ಬೀಜ ಮೂಗಿಗೆ ತುರುಕಿಕೊಳ್ಳುವವರು ಇರುತ್ತಾರೆ. ಆಟ ಮುಗಿದ ಮೇಲೆ ಎಣಿಸಿಯೇ ಡಬ್ಬಕ್ಕೆ ಹಾಕಿಸಿ.)

ಈಗ ಕಡ್ಡಿ. ತೆಂಗಿನ ಗರಿಯ ಪೊರಕೆ ಕಡ್ಡಿಯನ್ನು ನಾಲ್ಕು ಇಂಚಿನ ತುಂಡುಗಳಾಗಿ ಕತ್ತರಿಸಿ. ನಾಲ್ಕು ಮಕ್ಕಳ ಗುಂಪಿಗೆ 100 ಕಡ್ಡಿ, 10 ರಬ್ಬರ್ ಬ್ಯಾಂಡ್. ಒಂದು ಹಿಡಿ ತೆಗೆದುಕೊಳ್ಳಲಿ, ಎಷ್ಟಿರಬಹುದು ಎಂದು ಮೊದಲು ಊಹಿಸಲಿ, ಆಮೇಲೆ ಹತ್ತಾದಾಗಲೆಲ್ಲ ಕಟ್ಟಲಿ. ಕಟ್ಟುವ ಕೈ ಮಗುವಿನದೇ ಆಗಿರಬೇಕು. ಸಮಯ ಉಳಿಸಲು ನೀವೇ ಕಟ್ಟಿಟ್ಟರೆ ಮಗುವಿಗೆ ಅದು ಬರೀ ಒಂದು ದಪ್ಪ ಕಡ್ಡಿ. ಹತ್ತು ರೂಪಾಯಿ ನಾಣ್ಯದ ಸಮಸ್ಯೆಯೂ ಇದೇ, ಅದರೊಳಗೆ ಹತ್ತು ಕಾಣುವುದಿಲ್ಲ. ಶುರುವಿನಲ್ಲಿ ಮಕ್ಕಳು ಕಟ್ಟು ಬಿಚ್ಚಿ ಮತ್ತೆ ಎಣಿಸುತ್ತಾರೆ. ತಡೆಯಬೇಡಿ. ಬಿಚ್ಚದೆಯೇ ‘ಹತ್ತು, ಇಪ್ಪತ್ತು, ಇಪ್ಪತ್ತೊಂದು’ ಎನ್ನುವ ದಿನ ಬರುತ್ತದೆ. ಅಲ್ಲಿಯವರೆಗೆ ಪುಸ್ತಕ ಕಾಯಲಿ. ಇಪ್ಪತ್ತೊಂಬತ್ತಾದ ಮೇಲೆ ‘ಇಪ್ಪತ್ತಹತ್ತು’ ಎಂದರೂ ಬಾಯಿ ತಿದ್ದುವ ಬದಲು ‘ಹತ್ತಾಯ್ತಲ್ಲ, ಕಟ್ಟು’ ಅನ್ನಿ.

ಪಠ್ಯದ ಕ್ರಮ 11ರಿಂದ ಹೊರಡುತ್ತದೆ. ಕಡ್ಡಿ ಕೆಲಸವನ್ನು 21ರಿಂದ 29ರ ನಡುವೆ ಶುರು ಮಾಡುವುದೇ ಸಲೀಸು. ಹನ್ನೊಂದು, ಹದಿಮೂರುಗಳಲ್ಲಿ ಹತ್ತು ಕಿವಿಗೆ ಸ್ಪಷ್ಟವಾಗಿ ಸಿಗುವುದಿಲ್ಲ. ಇಪ್ಪತ್ತಮೂರರಲ್ಲಿ ಎರಡೂ ಭಾಗ ಬಿಡಿಬಿಡಿಯಾಗಿ ಕೇಳುತ್ತದೆ. ಹದಿಗಳಿಗೆ ಆಮೇಲೆ ಬನ್ನಿ. ಇಪ್ಪತ್ತು, ಎಪ್ಪತ್ತು ಅದಲುಬದಲಾದರೆ ಕಟ್ಟು ಎರಡೋ ಏಳೋ ತೋರಿಸಲು ಹೇಳಿ.

205 ಹೋಗಿಸುವುದು ಕಾರ್ಡ್. ಹಳೆಯ ಲಗ್ನಪತ್ರಿಕೆಗಳಿಂದ 8 ಸೆಂ.ಮೀ. ಅಗಲದ ಒಂಬತ್ತು ಕಾರ್ಡ್ ಕತ್ತರಿಸಿ 10ರಿಂದ 90ರವರೆಗೆ ಹತ್ತುಗಳನ್ನು ಬರೆಯಿರಿ, 4 ಸೆಂ.ಮೀ. ಅಗಲದ ಒಂಬತ್ತರಲ್ಲಿ 1ರಿಂದ 9. ಎತ್ತರ ಎಲ್ಲಕ್ಕೂ 5 ಸೆಂ.ಮೀ. ದೊಡ್ಡ ಕಾರ್ಡಿನ ಎಡ ಅರ್ಧದಲ್ಲಿ 2, ಬಲ ಅರ್ಧದಲ್ಲಿ 0 ಇರಬೇಕು. ಬಲ ಅಂಚಿಗೆ ಅಂಚು ಸೇರಿಸಿ 20ರ ಮೇಲೆ 5 ಇಟ್ಟರೆ ಸೊನ್ನೆ ಮುಚ್ಚಿ 25 ಆಗುತ್ತದೆ. ಐದನ್ನು ಎತ್ತಿದರೆ ಕೆಳಗೆ 20 ಹಾಗೇ ಇದೆ. ಚಿಕ್ಕ ಕಾರ್ಡ್ ಸ್ವಲ್ಪ ಕಿರಿದಾದರೂ ಸೊನ್ನೆ ಇಣುಕುತ್ತದೆ, ಅಗಲವಾದರೆ 2 ಮುಚ್ಚಿಹೋಗುತ್ತದೆ, ಆದ್ದರಿಂದ ಸ್ಕೇಲ್ ಹಿಡಿದೇ ಕತ್ತರಿಸಿ. ಪಕ್ಕದಲ್ಲಿ ಎರಡು ಕಟ್ಟು, ಐದು ಬಿಡಿ ಇರಲೇಬೇಕು, ಇಲ್ಲವಾದರೆ ಇದೂ ಒಂದು ಕಾಗದದ ಆಟವಾಗುತ್ತದೆ. ನಲಿಕಲಿ (ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂತು ಚಟುವಟಿಕೆಯಿಂದ ಕಲಿಯುವ ಕರ್ನಾಟಕದ ಸರ್ಕಾರಿ ಶಾಲೆಗಳ ಪದ್ಧತಿ) ಕೊಠಡಿಯಾದರೆ ಮೊದಲ ಸಲ ಕಟ್ಟುವುದನ್ನು ಶಿಕ್ಷಕರು ಕೂರುವ ತಟ್ಟೆಯಲ್ಲಿ ಮಾಡಿಸಿ, ಕಾರ್ಡ್ ಆಟವನ್ನು ಸಹಪಾಠಿಗಳ ತಟ್ಟೆಗೆ ಬಿಡಬಹುದು.

ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕಕ್ಕಾಗಿ ಇರುವ ಕೇಂದ್ರ ಸರ್ಕಾರದ ಯೋಜನೆ ನಿಪುಣ್ ಭಾರತ್ ಒಂದನೇ ತರಗತಿಗೆ ಇಟ್ಟಿರುವ ಗುರಿ 99ರವರೆಗೆ ಓದಿ ಬರೆಯುವುದು. 52 ಮತ್ತು 25ನ್ನು ಕಡ್ಡಿಯಲ್ಲಿ ಬೇರೆ ಬೇರೆಯಾಗಿ ಜೋಡಿಸುವ ಮಗುವಿಗೆ ಅದು ಭಾರವಲ್ಲ. ಅಂಥ ಮಗುವಿನ ಮುಂದೆ ಮೂರು ಕಟ್ಟು, ಎರಡು ಬಿಡಿ ಇಟ್ಟು ‘ಐದು ಕೊಡು’ ಅನ್ನಿ. ಎರಡು ಬಿಡಿ ಕೊಟ್ಟು ಸ್ವಲ್ಪ ತಡೆದು, ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತದೆಯೇ ನೋಡಿ. ಬಿಚ್ಚಿದರೂ 32 – 5 ಎಂದು ಬೋರ್ಡಿನ ಮೇಲೆ ಬರೆಯಲು ಹೋಗಬೇಡಿ. ಈ ವರ್ಷ ಅದು ಕಡ್ಡಿಯಲ್ಲೇ ಇರಲಿ.