ಅಗಲ ನಿಬ್ಬಿನಲ್ಲಿ ಕನ್ನಡ: ಎಂಟು ವಾರಗಳ ಬರವಣಿಗೆಯ ದಾಖಲೆ

ಇಟ್ಟುಕೊಂಡ ಗುರಿ ಇಷ್ಟು: ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಕ್ಯಾಲಿಗ್ರಫಿ ಪೆನ್ನಿನಲ್ಲಿ ಓದಲು ಹಿತವಾಗುವ ಹಾಗೆ ಕೂರಿಸುವುದು, ಕೊನೆಗೆ ಒಂದು ಎ4 ಹಾಳೆಯಲ್ಲಿ ಎಂಟು ಸಾಲಿನ ವಚನ ಬರೆಯುವುದು. ಪೆನ್ನಿನ ಪೆಟ್ಟಿಗೆಯಲ್ಲಿ ಬರುವ ಮಾದರಿ ಹಾಳೆಗಳೆಲ್ಲ ರೋಮನ್ ಅಕ್ಷರಕ್ಕೆ ಮಾಡಿದವು. ಅಲ್ಲಿನ ಅಳತೆಯನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಿದರೆ ತಲೆಕಟ್ಟು ಮೇಲಿನ ಸಾಲಿನ ಒತ್ತಿಗೆ ಗುದ್ದುತ್ತದೆ, ಠಕಾರದ ಚುಕ್ಕೆ ಮುಳುಗುತ್ತದೆ. ಹಾಗಾಗಿ ಅಳತೆಗಳನ್ನು ಮೊದಲಿಂದ ಹುಡುಕಬೇಕಾಯಿತು. ಸಿಕ್ಕಿದ್ದನ್ನು ಸಿಕ್ಕ ಹಾಗೆ ಇಲ್ಲಿ ಬರೆದಿಟ್ಟಿದೆ.

ವಾರ 1: ಎರಡು ಪೆನ್ಸಿಲು, ಒಂದು ರಬ್ಬರ್ ಬ್ಯಾಂಡು

ಪೆನ್ನು ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಇದು. ಅಗಲ ನಿಬ್ಬಿನ ತುದಿ ಮೊನೆಯಲ್ಲ, ಚಪ್ಪಟೆ ಅಂಚು. ಆ ಅಂಚಿನ ಎರಡು ಮೂಲೆಗಳ ಕೆಲಸವನ್ನು ಇಲ್ಲಿ ಎರಡು ಪೆನ್ಸಿಲು ಮಾಡುತ್ತವೆ. ಎರಡು ಪೆನ್ಸಿಲುಗಳನ್ನು ಪಕ್ಕಪಕ್ಕದಲ್ಲಿಟ್ಟು, ನಡುವೆ ರಟ್ಟಿನ ಚೂರು ಸಿಕ್ಕಿಸಿ, ಮೊನೆಗಳ ನಡುವೆ 10 ಮಿ.ಮೀ. ಅಂತರ ಬರುವಂತೆ ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಎರಡು ಮೊನೆಯೂ ಒಂದೇ ಸಲಕ್ಕೆ ಹಾಳೆಗೆ ತಾಗುತ್ತಿರಬೇಕು. ಒಂದು ಮೊನೆ ಎದ್ದರೆ ಅಲ್ಲಿಯ ಗೀಟು ಮಾಯವಾಗುತ್ತದೆ, ಅಂದರೆ ಕೈ ಓರೆಯಾಯಿತು ಎಂದು ತಕ್ಷಣ ಗೊತ್ತಾಗುತ್ತದೆ. ಇದೇ ತಪ್ಪು ನಿಜವಾದ ನಿಬ್ಬಿನಲ್ಲಿ ಅಕ್ಷರದ ಒಂದು ಅಂಚು ಒರಟಾಗಿ ಕಾಣುತ್ತದೆಯೇ ಹೊರತು ಕಾರಣ ಹೊಳೆಯುವುದಿಲ್ಲ.

ಅಕ್ಷರದ ಎತ್ತರ 50 ಮಿ.ಮೀ. ಇಟ್ಟು ರ, ಠ, ಗ, ಪ, ವ ಇವಿಷ್ಟನ್ನೇ ವಾರವಿಡೀ ಬರೆಯಬೇಕು. ಎರಡು ಗೆರೆಗಳು ಎಲ್ಲಿ ದೂರ ಸರಿಯುತ್ತವೆ, ಎಲ್ಲಿ ಒಂದರ ಮೇಲೊಂದು ಬಂದು ಕೂದಲೆಳೆಯಾಗುತ್ತವೆ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ಸ್ಲೇಟು ಇದ್ದರೆ ಸೀಮೆಸುಣ್ಣದ ಚೂರನ್ನು ಅಡ್ಡ ಮಲಗಿಸಿ ಎಳೆದರೂ ಇದೇ ಪಾಠ.

ವಾರ 2: ಕೋನ

ನಿಬ್ಬಿನ ಅಂಚು ಸಾಲಿನ ಗೆರೆಗೆ ಎಷ್ಟು ಓರೆಯಾಗಿ ನಿಂತಿದೆ ಎಂಬುದರ ಮೇಲೆ ಎಲ್ಲ ಗೀಟುಗಳ ದಪ್ಪ ನಿಂತಿದೆ. ಇಲ್ಲಿ ಬಳಸಿದ ಪೆನ್ನು ಪೈಲಟ್ ಪ್ಯಾರಲಲ್, ಕಿತ್ತಳೆ ಮುಚ್ಚಳದ 2.4 ಮಿ.ಮೀ. ಇದೇ ಮಾಲಿಕೆಯಲ್ಲಿ 1.5 ಕೆಂಪು, 3.8 ಹಸಿರು, 6.0 ನೀಲಿ. ಮಾಮೂಲಿ ನಿಬ್ಬಿಗಿರುವ ಸೀಳು ಇದಕ್ಕಿಲ್ಲ. ಎರಡು ಲೋಹದ ತಗಡುಗಳು ಒಂದಕ್ಕೊಂದು ಸಮಾನಾಂತರವಾಗಿ ನಿಂತಿವೆ, ಶಾಯಿ ಅವುಗಳ ನಡುವಿನಿಂದ ಇಳಿಯುತ್ತದೆ.

2.4ರ ನಿಬ್ಬನ್ನು 30 ಡಿಗ್ರಿಯಲ್ಲಿ ಹಿಡಿದಾಗ ಅಡ್ಡಗೀಟು 1.2 ಮಿ.ಮೀ., ಲಂಬಗೀಟು ಸುಮಾರು 2.1 ಮಿ.ಮೀ. ಬರುತ್ತದೆ. 45ರಲ್ಲಿ ಎರಡೂ 1.7. ಸೊನ್ನೆ ಡಿಗ್ರಿಯಲ್ಲಿ, ಅಂದರೆ ನಿಬ್ಬು ಸಾಲಿಗೆ ಸಮವಾಗಿ ಮಲಗಿದಾಗ, ಅಡ್ಡಗೀಟು ಕೂದಲೆಳೆ.

ಕನ್ನಡದಲ್ಲಿ ಈ ಲೆಕ್ಕ ಮೊದಲು ತಟ್ಟುವುದು ತಲೆಕಟ್ಟಿಗೆ. ಸೊನ್ನೆ ಡಿಗ್ರಿಯಲ್ಲಿ ಬರೆದ ಕ, ತ, ಗ ಬೋಳುಬೋಳಾಗಿ ಕಾಣುತ್ತವೆ. 45ರಲ್ಲಿ ತಲೆಕಟ್ಟು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಅಕ್ಷರದ ತಳವೂ ಅಷ್ಟೇ ಭಾರವಾಗಿ, ಒತ್ತು ಸೇರಿದ ಕೂಡಲೇ ಸಾಲು ಕಪ್ಪುಗಟ್ಟುತ್ತದೆ. 30ರಲ್ಲಿ ತಲೆಕಟ್ಟಿನ ಎಡಭಾಗ ಹದವಾದ ದಪ್ಪಕ್ಕೆ ಬಂದು, ಬಲಕ್ಕೆ ಮೇಲೇರುವ ಕುಡಿ ತಾನಾಗಿಯೇ ಎಳೆಯಷ್ಟು ಸಣ್ಣಗಾಗುತ್ತದೆ. ಆ ಕುಡಿಯ ಚೆಲುವಿಗಾಗಿಯೇ 30 ನಿಶ್ಚಯವಾಯಿತು. ದೊಡ್ಡ ಶೀರ್ಷಿಕೆಗೆ ಮಾತ್ರ 40.

ಕೋನ ಜಾರದಿರಲು ಸುಲಭದ ಉಪಾಯ: ಜಿಯಾಮೆಟ್ರಿ ಬಾಕ್ಸಿನ 30–60ರ ಮೂಲೆಮಟ್ಟ ಇಟ್ಟು ಹಾಳೆಯ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ತೆಳುವಾದ ಓರೆಗೆರೆಗಳನ್ನು ಎಳೆದಿಡುವುದು. ಪ್ರತಿ ಸಾಲಿನ ಆರಂಭದಲ್ಲಿ ನಿಬ್ಬಿನ ಅಂಚನ್ನು ಆ ಗೆರೆಗೆ ಹೊಂದಿಸಿ ನೋಡಿ ಮುಂದುವರಿಯಬೇಕು. ಕೋನ ಹೆಚ್ಚಾಗಿ ಕೆಡುವುದು ಸಾಲಿನ ಬಲತುದಿಯಲ್ಲಿ, ತೋಳು ಚಾಚಿದಾಗ. ತೋಳು ಚಾಚುವ ಬದಲು ಹಾಳೆಯನ್ನು ಎಡಕ್ಕೆ ಎಳೆದುಕೊಂಡರೆ ಮುಗಿಯಿತು.

ಓಲೆಗರಿಯ ಕಾಲದಲ್ಲಿ ಈ ದಪ್ಪ–ಸಣ್ಣದ ಪ್ರಶ್ನೆಯೇ ಇರಲಿಲ್ಲ. ಕಂಠ ಎಂಬ ಲೋಹದ ಲೇಖನಿಯ ಮೊನೆ ಗರಿಯನ್ನು ಕೊರೆಯುತ್ತದೆ, ಆಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ಉಳಿಯುತ್ತದೆ. ಗೆರೆ ಎಲ್ಲ ಕಡೆ ಒಂದೇ ದಪ್ಪ. ಅಂಥ ಬರವಣಿಗೆಯಲ್ಲಿ ದುಂಡಗಾಗುತ್ತ ಬಂದ ಅಕ್ಷರಕ್ಕೆ ನಾವು ಈಗ ಅಗಲ ನಿಬ್ಬು ತೊಡಿಸುತ್ತಿದ್ದೇವೆ. ಎಲ್ಲಿ ದಪ್ಪ ಬರಬೇಕು ಎಂಬುದಕ್ಕೆ ಓಲೆಗರಿ ಉತ್ತರ ಕೊಡುವುದಿಲ್ಲ, ಬರೆಯುವವರೇ ಆರಿಸಿಕೊಳ್ಳಬೇಕು.

ವಾರ 3 ಮತ್ತು 4: ಠ

ಎರಡು ವಾರ ಒಂದೇ ಅಕ್ಷರದ ಸುತ್ತ ಕಳೆಯಲು ಕಾರಣವಿದೆ. ಠ ಸರಿಬಂದರೆ ರ ಬಂದ ಹಾಗೆ, ದುಂಡಗಿನ ಅಕ್ಷರಗಳಲ್ಲಿ ಅರ್ಧದಷ್ಟು ಹಿಡಿತಕ್ಕೆ ಸಿಕ್ಕ ಹಾಗೆ.

ಶಾಲೆಯಲ್ಲಿ ಕಲಿತಂತೆ ವೃತ್ತವನ್ನು ಒಂದೇ ಸುತ್ತಿನಲ್ಲಿ ಬರೆದರೆ ಅರ್ಧ ದಾರಿ ನಿಬ್ಬನ್ನು ಮೇಲಕ್ಕೆ ತಳ್ಳಬೇಕಾಗುತ್ತದೆ. ಅದ್ದಿ ಬರೆಯುವ ನಿಬ್ಬು ಅಲ್ಲಿ ಕಾಗದದ ನಾರಿಗೆ ಸಿಕ್ಕಿಕೊಂಡು ಶಾಯಿ ಚಿಮುಕಿಸುತ್ತದೆ. ಪ್ಯಾರಲಲ್ ಪೆನ್ನು ತಳ್ಳಿಸಿಕೊಳ್ಳುತ್ತದೆ, ಆದರೆ ಅಂಚು ನಡುಗಿದಂತೆ ಕಾಣುತ್ತದೆ. ಅಗಲ ನಿಬ್ಬನ್ನು ಯಾವಾಗಲೂ ಎಳೆಯಬೇಕು. ಹಾಗಾಗಿ ಠ ನಾಲ್ಕು ಗೀಟಿನ ಅಕ್ಷರ.

ಗಡಿಯಾರದ ಮುಖ ಎಂದುಕೊಳ್ಳಿ. 30 ಡಿಗ್ರಿಯಲ್ಲಿ ವೃತ್ತ ತೀರ ಸಣ್ಣಗಾಗುವ ಜಾಗಗಳು ಎರಡು: 11 ಗಂಟೆ, 5 ಗಂಟೆ. ಮೊದಲ ಗೀಟು 11ರಿಂದ ಹೊರಟು ಎಡಗಡೆಯಿಂದ ಇಳಿದು ತಳ ಬಳಸಿ 5ಕ್ಕೆ ಬರುತ್ತದೆ. ಎರಡನೆಯದು ಮತ್ತೆ 11ರಿಂದಲೇ ಹೊರಟು ಬಲಗಡೆಯಿಂದ ಇಳಿದು 5ರಲ್ಲಿ ಕೂಡುತ್ತದೆ. ಬೆಸುಗೆ ಎರಡೂ ಕಡೆ ಕೂದಲೆಳೆಯ ಮೇಲೆಯೇ ಬೀಳುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೂರನೆಯದು ತಲೆಕಟ್ಟು. ಕೊನೆಯದು ಒಳಗಿನ ಚುಕ್ಕೆ. ಅದನ್ನು ಉಜ್ಜಿ ದುಂಡು ಮಾಡಬಾರದು, ನಿಬ್ಬನ್ನು ಒಮ್ಮೆ ಊರಿ ಅದರ ಅಗಲದಷ್ಟೇ ಓರೆಯಾಗಿ ಎಳೆದರೆ ಒಂದು ಪುಟ್ಟ ಹರಳು ಬರುತ್ತದೆ.

ಬೆಸುಗೆ 6 ಗಂಟೆಯ ಕಡೆಗೆ ಜಾರಿದರೆ ತಳದಲ್ಲಿ ಗಂಟು ಬೀಳುತ್ತದೆ. ಮೂರನೇ ವಾರದ ಹಾಳೆಗಳಲ್ಲಿ ಹೆಚ್ಚಿನ ಠಗಳಿಗೆ ಈ ಗಂಟು ಇತ್ತು.

ಎತ್ತರದ ಲೆಕ್ಕ ತೀರ್ಮಾನವಾದದ್ದೂ ಈ ಚುಕ್ಕೆಯಿಂದಲೇ. ಅಕ್ಷರದ ಎತ್ತರ ನಿಬ್ಬಿನ ಅಗಲದ 4 ಪಟ್ಟು ಇಟ್ಟರೆ, ಎರಡು ಗೋಡೆಗಳು ಹತ್ತಿರ ಹತ್ತಿರ 2 ಅಗಲ ನುಂಗಿ, ಒಳಗೆ 2 ಉಳಿದು, ಅದರಲ್ಲಿ ಚುಕ್ಕೆ 1 ತಿಂದು, ಅಕ್ಕಪಕ್ಕ ಅರ್ಧರ್ಧ ಅಗಲದ ಸಂದು ಮಿಗುತ್ತದೆ. ಶಾಯಿ ತುಸು ಹರಡಿದರೆ ಅದೂ ಮುಚ್ಚಿ ಠ ಒಂದು ಮಸಿಯುಂಡೆ. 5 ಪಟ್ಟು ಇಟ್ಟಾಗ ಎರಡೂ ಕಡೆ ಒಂದೊಂದು ಅಗಲದ ಬೆಳಕು ಉಳಿಯುತ್ತದೆ. ಥಕಾರಕ್ಕೂ ಇದೇ ನ್ಯಾಯ.

ಮಹಾಪ್ರಾಣಗಳಲ್ಲಿ ಇನ್ನೊಂದು ತೊಡಕು. ಧ, ಢ, ಫ, ಭ ಇವುಗಳ ಹೊಟ್ಟೆ ಸೀಳುವ ಗೀಟು ಲಂಬವಾದದ್ದು, ಉದ್ದ ಕಡಿಮೆ. 30 ಡಿಗ್ರಿಯಲ್ಲಿ ಅದು ಮೊಂಡಾದ ಚೌಕವಾಗಿ ಬೀಳುತ್ತದೆ, ಧ ನೋಡಿದರೆ ದಕಾರಕ್ಕೆ ಕಲೆಯಾದ ಹಾಗಿರುತ್ತದೆ. ಆ ಒಂದು ಗೀಟಿಗೆ ನಿಬ್ಬನ್ನು ಬೆರಳಲ್ಲೇ ಹೊರಳಿಸಿ 80–90 ಡಿಗ್ರಿಗೆ ನೆಟ್ಟಗೆ ನಿಲ್ಲಿಸಿ ಎಳೆಯಬೇಕು. ಅಲಗಿನಷ್ಟು ತೆಳ್ಳಗೆ ಇಳಿಯುತ್ತದೆ. ಈ ಹೊರಳಿಸುವಿಕೆ ಕೈಗೆ ಹತ್ತಿದ ದಿನ ಆಗುವ ಖುಷಿಯೇ ಬೇರೆ.

ಕೊಂಬು ಮೇಲಕ್ಕೇರುವ ಗೀಟು, ಹಾಗಾಗಿ ಅದನ್ನೂ ಎರಡು ಮಾಡಬೇಕು: ತಳದ ಬಳುಕು ಎಡದಿಂದ ಬಲಕ್ಕೆ, ಬಲಗಡೆಯ ನಿಲುವು ಮೇಲಿನಿಂದ ಕೆಳಕ್ಕೆ. ಗುಡಿಸಿನ ಸುತ್ತು ಹೊರಗಿನಿಂದ 3 ಅಗಲಕ್ಕಿಂತ ಚಿಕ್ಕದಾದರೆ ಒಳಗಿನ ಕಿಂಡಿ ತುಂಬಿಹೋಗುತ್ತದೆ.

ವಾರ 5: ಸಾಲಿನ ಅಂತರ, ಒತ್ತು

ಅಕ್ಷರಕ್ಕೆ 5 ಅಗಲ, ಮೇಲೆ ತಲೆಕಟ್ಟು–ಗುಡಿಸಿಗೆ 3, ಕೆಳಗೆ ಒತ್ತಿಗೆ 4. ಒಟ್ಟು 12 ಅಗಲಕ್ಕೆ ಒಂದು ಸಾಲು. 2.4ರ ನಿಬ್ಬಿಗೆ 28.8 ಮಿ.ಮೀ. ಎ4 ಹಾಳೆಯ ಎತ್ತರ 297, ಮೇಲೆ ಕೆಳಗೆ 20 ಬಿಟ್ಟರೆ 257 ಉಳಿಯಿತು, ಅದರಲ್ಲಿ 8 ಸಾಲು. 3.8ರಲ್ಲಿ 5 ಸಾಲು, 1.5ರಲ್ಲಿ 14. ಹಾಳೆಗೆ ಮುಂಚೆ ಈ ಲೆಕ್ಕ ಹಾಕಿಕೊಳ್ಳದೆ ಬರೆಯಲು ಕೂತರೆ ಕೊನೆಯ ಸಾಲು ಖಂಡಿತ ಹಾಳೆಯಾಚೆ.

ಒತ್ತನ್ನು ಅದೇ ನಿಬ್ಬಿನಲ್ಲಿ ಚಿಕ್ಕದಾಗಿ ಬರೆದಾಗ ಅದು ಅಕ್ಷರಕ್ಕಿಂತ ಕಪ್ಪಗಾಗಿ ಪುಟದ ತುಂಬ ಕಲೆಗಳೆದ್ದವು. ಗಾತ್ರ ಕುಗ್ಗಿದರೂ ಗೀಟಿನ ದಪ್ಪ ಕುಗ್ಗಲಿಲ್ಲವಲ್ಲ. ಪರಿಹಾರ, ಒತ್ತಿಗೆ ಒಂದು ಅಳತೆ ಕೆಳಗಿನ ಪೆನ್ನು. 3.8ಕ್ಕೆ 2.4, 2.4ಕ್ಕೆ 1.5: ಎರಡು ಜೋಡಿಯಲ್ಲೂ ಚಿಕ್ಕದು ದೊಡ್ಡದರ ಸುಮಾರು 0.63 ಪಾಲು, ಒತ್ತಿಗೆ ಹೇಳಿ ಮಾಡಿಸಿದ ಪ್ರಮಾಣ. ಸಾಲಿನ ಮೂಲಾಕ್ಷರಗಳನ್ನೆಲ್ಲ ಮೊದಲು ಬರೆದು, ಒಣಗಿದ ಮೇಲೆ ಒತ್ತುಗಳನ್ನು ಒಟ್ಟಿಗೆ ಕೊಡುವುದು ಒಳ್ಳೆಯದು. ಅಲ್ಲಲ್ಲಿ ಒತ್ತು ಮರೆತುಹೋಗುವ ಭಯವಿದೆ, ಅದಕ್ಕೆ ಪೆನ್ಸಿಲಿನಲ್ಲಿ ಗುರುತಿಟ್ಟುಕೊಳ್ಳಬೇಕು.

ಅರ್ಕಾವತ್ತು ಮಾತ್ರ ಕೆಳಗಿಳಿಯದೆ ಅಕ್ಷರದ ಬಲಕ್ಕೆ ಸಾಲಿನಲ್ಲೇ ನಿಲ್ಲುತ್ತದೆ. ಧರ್ಮ, ಸೂರ್ಯ, ಕರ್ನಾಟಕ ಎಂದು ಬರೆಯುವಾಗ ಅಗಲದಲ್ಲಿ ಅದಕ್ಕೆ ಜಾಗ ಬಿಡಬೇಕು. ಅಗಲ ನಿಬ್ಬಿನಲ್ಲಿ ಅದರಷ್ಟು ಚಂದ ಕಾಣುವ ಆಕಾರ ಕನ್ನಡದಲ್ಲಿ ಕಡಿಮೆ. ಮೇಲೆ ತುಂಬಿದ ಸುತ್ತು, ಕೆಳಗೆ ಇಳಿಯುತ್ತ ಸಣ್ಣಗಾಗುವ ಬಾಲ.

ನಡುವೆ: ಕಾಗದ, ಶಾಯಿ

70–75 ಜಿ.ಎಸ್.ಎಂ.ನ ಜೆರಾಕ್ಸ್ ಕಾಗದದಲ್ಲಿ ಶಾಯಿ ಕಾಲು ಚಾಚುತ್ತದೆ, ಕೂದಲೆಳೆಗಳು ದಾರವಾಗುತ್ತವೆ. ದಪ್ಪ ಕಾಗದವೆಲ್ಲ ಒಳ್ಳೆಯದೆಂದೂ ಅಲ್ಲ. ಶಾಯಿ ಹೀರದಂತೆ ಕಾಗದಕ್ಕೆ ಕೊಟ್ಟ ಗಂಜಿಯಂಥ ಲೇಪ ಮುಖ್ಯ. 100 ಜಿ.ಎಸ್.ಎಂ.ನ ಬಾಂಡ್ ಪೇಪರು ಅಭ್ಯಾಸಕ್ಕೆ ಸಾಕಾಯಿತು. ಕೊಳ್ಳುವ ಮುಂಚೆ ಒಂದು ಹಾಳೆ ತಂದು ಎರಡು ಠ, ಒಂದು ತಲೆಕಟ್ಟು ಬರೆದು, ಒಣಗಿದ ಮೇಲೆ ಬೆನ್ನು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ.

ಅದ್ದಿ ಬರೆಯುವ ಶಾಯಿ ತೀರ ನೀರಾಗಿದ್ದರೆ ಜಾಲಿ ಗೋಂದು ನೆರವಾಗುತ್ತದೆ. ಒಂದು ಪಾಲು ಗೋಂದನ್ನು ಎರಡು ಪಾಲು ಬಿಸಿನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 10 ಮಿ.ಲೀ. ಶಾಯಿಗೆ 2–3 ಹನಿ. ಹೆಚ್ಚಾದರೆ ಶಾಯಿ ಅಂಟಂಟಾಗಿ ನಿಬ್ಬಿನಿಂದ ಇಳಿಯುವುದೇ ಇಲ್ಲ. ಗೋಂದಿನ ಶಾಯಿ, ಕಾಡಿಗೆಯ ಮಸಿ, ಇಂಡಿಯನ್ ಇಂಕ್ ಇವನ್ನು ಪ್ಯಾರಲಲ್ ಪೆನ್ನಿಗಾಗಲಿ ಫೌಂಟನ್ ಪೆನ್ನಿಗಾಗಲಿ ತುಂಬಬಾರದು. ಒಣಗಿ ಕಲ್ಲಾದರೆ ತೆಗೆಯುವುದು ಕಷ್ಟ. ಪೆನ್ನಿನ ಜೊತೆ ಬರುವ ತೆಳು ಹಾಳೆಯನ್ನು ತಗಡುಗಳ ನಡುವೆ ಆಡಿಸಿ, ರಬ್ಬರ್ ಬುಗ್ಗೆಯಿಂದ ತಣ್ಣೀರು ಹಾಯಿಸಿ, ನೀರು ತಿಳಿಯಾಗುವ ತನಕ ತೊಳೆಯಬೇಕು.

ವಾರ 6: ಬಿದಿರಿನ ಲೇಖನಿ

ಪೂರ್ತಿ ಒಣಗಿದ, ಹೆಬ್ಬೆರಳಿಗಿಂತ ಸಪೂರವಾದ ಬಿದಿರು, 18 ಸೆಂ.ಮೀ. ಉದ್ದ. ತುದಿಯಿಂದ 2.5 ಸೆಂ.ಮೀ. ಓರೆಯಾಗಿ ಸೀಳಿ, ಒಳಗಿನ ಮೆದು ಭಾಗ ಕೆರೆದು, ಗಟ್ಟಿಯಾದ ಹೊರಸಿಪ್ಪೆಯನ್ನು ಮಾತ್ರ ಉಳಿಸಬೇಕು. ಬರೆಯುವ ಅಂಚು ಸಿಪ್ಪೆಯ ಕಡೆಯದೇ ಆಗಬೇಕು, ಒಳಮೈ ಬೇಗ ಮೊಂಡಾಗುತ್ತದೆ. ಇಕ್ಕೆಲ ಕೆತ್ತಿ ಅಗಲ 4 ಮಿ.ಮೀ.ಗೆ ತಂದು, ನಡುವೆ 1.5 ಸೆಂ.ಮೀ. ಸೀಳು. ಸೀಳು ಓಡಿಹೋಗದಂತೆ ಅದು ನಿಲ್ಲಬೇಕಾದ ಜಾಗದಲ್ಲಿ ಮೊದಲೇ ಸೂಜಿ ಕಾಯಿಸಿ ಒಂದು ತೂತು ಮಾಡಿರಬೇಕು. ಕೊನೆಗೆ ಲೇಖನಿಯ ತುದಿಯನ್ನು ಗಟ್ಟಿ ಹಲಗೆಯ ಮೇಲಿಟ್ಟು ಚಾಕುವನ್ನು ಒಂದೇ ಒತ್ತಿಗೆ ಕೆಳಗಿಳಿಸಿ ತುಂಡರಿಸಬೇಕು. ಎಳೆದು ಕೊಯ್ದರೆ ಅಂಚು ನಾರುನಾರಾಗುತ್ತದೆ.

ಒಂದು ಅದ್ದಿಗೆ ಎರಡೇ ಅಕ್ಷರ ಬರುತ್ತಿತ್ತು. ತಂಪು ಪಾನೀಯದ ಡಬ್ಬಿಯಿಂದ 4 ಮಿ.ಮೀ. ಅಗಲ, 4 ಸೆಂ.ಮೀ. ಉದ್ದದ ತಗಡಿನ ಪಟ್ಟಿ ಕತ್ತರಿಸಿ, ಎಸ್ ಆಕಾರಕ್ಕೆ ಬಗ್ಗಿಸಿ ಒಳಗೆ ಸಿಕ್ಕಿಸಿದ ಮೇಲೆ ಆರೇಳು ಅಕ್ಷರ. ಎಡಗೈಯವರು ತಮ್ಮ ಕೈಗೆ ಹೊಂದುವ ಓರೆಯಲ್ಲಿ ತುದಿ ಕತ್ತರಿಸಿಕೊಳ್ಳಬಹುದು. ಬಿದಿರಿನ ಅಂಚಿನ ತುಸು ಒರಟುತನ ಶಾಸನದ ಅಕ್ಷರಗಳ ಆಕಾರ ಬರೆಯಲು ಎಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ವಾರ 7: ದಿನಬಳಕೆಗೆ

1.1 ಮಿ.ಮೀ.ನ ಸ್ಟಬ್ ನಿಬ್ಬು, ಅಂದರೆ ತುದಿ ಚಪ್ಪಟೆಯಾದ ನಿಬ್ಬು, ಹಾಕಿದ ಫೌಂಟನ್ ಪೆನ್ನು. ಅಕ್ಷರ 5.5 ಮಿ.ಮೀ., ಸಾಲು 13 ಮಿ.ಮೀ. ಸಾಲಿನ ನಡುವೆ 8 ಮಿ.ಮೀ. ಇರುವ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬಿಟ್ಟು ಒಂದು ಬರೆಯಲೇಬೇಕು. ಇಲ್ಲಿ ಒತ್ತಿಗೆ ಪೆನ್ನು ಬದಲಿಸುವ ಗೋಜಿಲ್ಲ, ಕೋನವನ್ನು 20 ಡಿಗ್ರಿಗೆ ಇಳಿಸಿ ಬರೆದರೆ ಅಡ್ಡಗೀಟುಗಳು ಹಗುರವಾಗುತ್ತವೆ. ಸಂತೆ ಚೀಟಿ, ಪತ್ರ, ಯಾವುದಾದರೂ ಸರಿ. ವೇಗ ಕಡಿಮೆಯಾಗುತ್ತದೆ, ಆ ನಿಧಾನವೇ ಕೈಗೆ ಹಿತ.

ವಾರ 8: ವಚನದ ಹಾಳೆ

2.4ರಲ್ಲಿ ಅಕ್ಷರ, 1.5ರಲ್ಲಿ ಒತ್ತು, 8 ಸಾಲು. ಮೂರು ಹಾಳೆ ಕೆಟ್ಟವು. ಮೊದಲನೆಯದರಲ್ಲಿ ಒಣಗದ ಅಕ್ಷರದ ಮೇಲೆ ಒತ್ತಿನ ಕುಡಿ ಹಾದು ಎರಡೂ ಕಲಸಿದವು. ಎರಡನೆಯದರಲ್ಲಿ ಐದನೇ ಸಾಲಿಂದ ಕೋನ 40ರ ಕಡೆಗೆ ಜಾರಿ ಕೆಳಗಿನ ಅರ್ಧ ಬೇರೆಯವರು ಬರೆದಂತಾಯಿತು. ಮೂರನೆಯದರಲ್ಲಿ ಅಂಗೈ ಬೆವರು ತಾಗಿದ ಕಡೆ ಶಾಯಿ ಹಿಡಿಯಲಿಲ್ಲ. ನಾಲ್ಕನೆಯದಕ್ಕೆ ಅಂಗೈ ಕೆಳಗೆ ಒಂದು ಚೂರು ಕಾಗದ ಇಟ್ಟುಕೊಂಡದ್ದರಿಂದ ಅದು ನಿಂತಿತು.

ಅಂಕಿತನಾಮಕ್ಕೆ ಮಾತ್ರ ಬಣ್ಣ. ಕೆಂಪು ಶಾಯಿಯ ಪೆನ್ನನ್ನು ಮೇಲೆ, ಹಳದಿಯದನ್ನು ಕೆಳಗೆ ಹಿಡಿದು ತುದಿಗೆ ತುದಿ 5 ಸೆಕೆಂಡ್ ಮುಟ್ಟಿಸಿದರೆ ಕೆಂಪು ಇಳಿದು ಹಳದಿ ಪೆನ್ನಿನ ತುದಿಯಲ್ಲಿ ನಿಲ್ಲುತ್ತದೆ. ಆ ಪೆನ್ನಿನಲ್ಲಿ ಬರೆದಾಗ ಮೊದಲ ಅಕ್ಷರ ಕೆಂಪು, ಮುಂದಿನದು ಕಿತ್ತಳೆ, ಕೊನೆಯ ಎರಡು ಹೊತ್ತಿಗೆ ಅರಿಶಿನ. 3 ಸೆಕೆಂಡಿಗೆ ತೆಗೆದಾಗ ಬಣ್ಣ ಎರಡನೇ ಅಕ್ಷರಕ್ಕೇ ಮುಗಿಯಿತು, 10 ಸೆಕೆಂಡ್ ಹಿಡಿದಾಗ ತೊಟ್ಟು ಬಿತ್ತು.

ಬಾಕಿ ಉಳಿದದ್ದು ಷ ಮತ್ತು ಪ. ಷಕಾರದ ಒಳಗೀಟು 2.4ರಲ್ಲಿ ಇನ್ನೂ ಗೋಡೆಗೆ ಅಂಟುತ್ತಿದೆ. ಮುಂದಿನ ವಾರ ಆ ಎರಡಕ್ಕೆ ಎತ್ತರ ಐದೂವರೆ ಅಗಲಕ್ಕೆ ಏರಿಸಿ ನೋಡಬೇಕು.